ಕುಸನೂರಿನ ಗೋಡೆಯ ಮೇಲೆ ಕಮಲಾಪುರದ ಹುಳ

ಒಂದು ಹುಳದ ವಿಷಯ ಬರೆಯಲು ಕೂತಿದ್ದೇನೆ. ಎರಡು ತೊಗರಿ ಬೇಳೆ ಪಕ್ಕಪಕ್ಕ ಇಟ್ಟರೆ ಎಷ್ಟಾಗುತ್ತದೋ ಅಷ್ಟೇ ಗಾತ್ರದ ಪತಂಗ. ಅಷ್ಟು ಸಣ್ಣದಕ್ಕೆ ಇಷ್ಟು ಹಾಳೆ ಯಾಕೆ ಎಂದು ನನ್ನ ಮಗ ಆಗಲೇ ಕೇಳಿದ್ದಾನೆ. ನಾನು ಓದಿದ್ದು ನಾಲ್ಕನೆಯ ತರಗತಿ. ನನ್ನ ಅಕ್ಷರ ದಪ್ಪ, ಒಂದು ಹಾಳೆಯಲ್ಲಿ ಹತ್ತು ಸಾಲು ಹಿಡಿಸುವುದಿಲ್ಲ, ಅದಕ್ಕೇ ಹಾಳೆ ಹೆಚ್ಚು ಎಂದು ಅವನಿಗೆ ಹೇಳಿದೆ. ನಿಜ ಹೇಳಬೇಕೆಂದರೆ ಎಂಟು ದಿನದಿಂದ ನನಗೆ ಸುಮ್ಮನೆ ಕೂಡಲು ಆಗುತ್ತಿಲ್ಲ. ಹಾಲು ಕೊಡುವವನಿಗೂ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ. ಹೇಳಲೇಬೇಕಾದವಳು ಒಬ್ಬಳಿದ್ದಳು, ಅವಳು ತೀರಿಕೊಂಡು ಮೂರು ವರ್ಷವಾಯಿತು. ಹಾಗಾಗಿ ಹಾಳೆಗೆ ಹೇಳುತ್ತಿದ್ದೇನೆ.

ನಮ್ಮ ಮನೆ ಈಗ ಕುಸನೂರಿನ ಕಡೆಯ ಹೊಸ ಬಡಾವಣೆಯಲ್ಲಿದೆ. ನನ್ನ ಮಗನ ಮಗಳು ಇಲ್ಲಿಂದ ನಡೆದೇ ವಿಶ್ವವಿದ್ಯಾಲಯಕ್ಕೆ ಹೋಗಿ ಪ್ರಾಣಿಶಾಸ್ತ್ರ ಓದುತ್ತಾಳೆ. ನಮ್ಮ ಮನೆತನದಲ್ಲಿ ಅಷ್ಟು ಓದಿದವರು ಅವಳಿಗಿಂತ ಮೊದಲು ಯಾರೂ ಇಲ್ಲ, ಗಂಡಸರಲ್ಲೂ ಇಲ್ಲ. ಬೆಳಗಾದರೆ ಹಿತ್ತಲ ಗೋಡೆಯ ಬಲ್ಬಿನ ಕೆಳಗೆ ನಿಂತು, ಹಿಂದಿನ ರಾತ್ರಿ ಬಂದು ಕೂತ ಪತಂಗಗಳ ಫೋಟೋ ತೆಗೆಯುವುದು ಅವಳ ಕೆಲಸ. ಮುಖ ತೊಳೆಯುವ ಮೊದಲೇ ಹುಳದ ಮುಖ ನೋಡುವ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೋ ಎಂದು ಅವಳ ತಾಯಿ ಅಡುಗೆಮನೆಯಿಂದಲೇ ಅನ್ನುತ್ತಿರುತ್ತಾಳೆ. ಹುಳದ ಮುಖ ನೋಡಿ ಅಭ್ಯಾಸವಾದರೆ ಯಾವ ಗಂಡೂ ಚೆಂದವೇ ಕಾಣುತ್ತಾನೆ ಎಂದು ಇವಳ ಉತ್ತರ.

ಮೊನ್ನೆ ಮಳೆ ಬಿಟ್ಟ ಒಂದು ಬೆಳಗ್ಗೆ ಅವಳು ನನ್ನನ್ನು ಕರೆದಳು.

"ಮುತ್ಯಾ, ಇಲ್ಲಿ ಬಾ. ಇದು ನನಗ ತಿಳೀವಲ್ದು."

ತನಗೆ ತಿಳಿಯದ್ದನ್ನು ನನಗೆ ತೋರಿಸುತ್ತಾಳಲ್ಲ, ಅದಕ್ಕೇ ನನ್ನ ಎದೆ ಉಬ್ಬಿತು. ಮೊಣಕಾಲು ಹಿಡಿದುಕೊಂಡು ಹೋದೆ. ಜೋಳದ ಒಣ ಎಲೆಯ, ರವದಿಯ ಬಣ್ಣದ ಹುಳ, ರೆಕ್ಕೆ ಗುಡಿಸಿಲ ಮಾಡಿನಂತೆ ಇಳಿಬಿಟ್ಟಿತ್ತು. ರೆಕ್ಕೆಯ ಮೇಲೆ ಅಡ್ಡಕ್ಕೆ ಒಂದು ಸಣ್ಣ ಗೆರೆ. ಗೆರೆ ಪೂರ್ತಿ ಹೋಗದೆ ನಡುವೆಯೇ ನಿಂತಿತ್ತು. ನಿಂತ ಮೇಲೆ ಎರಡು ಚುಕ್ಕಿ. ರೆಕ್ಕೆಯ ಅಂಚಿಗೆ ಕೆಮ್ಮಣ್ಣಿನ ಬಣ್ಣ.

ನಾನು ಇನ್ನೂ ಹತ್ತಿರಕ್ಕೆ ಬಗ್ಗಿ ನೋಡಿದೆ. ಐವತ್ತು ವರ್ಷದ ಹಿಂದೆ ಈ ಹುಳದ ಗುರುತು ನನಗೆ ಕಲಿಸಿದವಳು ನನ್ನ ಹೆಂಡತಿ. ಇದು ಅವಳ ಊರಿನದು, ಕಮಲಾಪುರದ್ದು. ಇಲ್ಲಿಗೆ ಬರುವ ಹುಳ ಇದಲ್ಲ.

ಅದನ್ನೇ ಮೊಮ್ಮಗಳಿಗೆ ಹೇಳಿದೆ. ಅವಳು ಫೋಟೋವನ್ನು ದೂರದ ಊರಿನ ಒಬ್ಬ ತಿಳಿದವರಿಗೆ ಕಳಿಸಿದಳು. ಸಂಜೆಗೆ ಉತ್ತರ ಬಂತು. ಇದೇ ಥರದ ಇನ್ನೊಂದು ಪತಂಗ ಎಲ್ಲ ಕಡೆ ಇರುತ್ತದೆಯಂತೆ, ಅದರ ಗೆರೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ತುಂಡಾಗದೆ ಹೋಗುತ್ತದೆಯಂತೆ. ಗೆರೆ ತುಂಡಾದ ಜಾತಿ ನಿಮ್ಮ ಕಪ್ಪು ಮಣ್ಣಿನ ಬಯಲಿನಲ್ಲಿ ಇಲ್ಲ, ನಿಮ್ಮ ಹುಳದ ಗೆರೆ ಉಜ್ಜಿ ಅಳಿಸಿರಬೇಕು, ಸಾಮಾನ್ಯದ್ದೆಂದೇ ಬರೆದುಕೊಳ್ಳಿ ಎಂದಿದ್ದರು. ಹುಡುಗಿಯ ಮುಖ ಸಣ್ಣದಾಯಿತು. ಅಳಿಸಿದ ಗೆರೆ ಹೀಗೆ ಎರಡೂ ರೆಕ್ಕೆಯಲ್ಲಿ ಒಂದೇ ಕಡೆ ನಿಲ್ಲುತ್ತದೆಯೇ ಎಂದು ನಾನು ಕೇಳಿದೆ. ಅವಳು ನನ್ನನ್ನೇ ನೋಡಿದಳು. ದೀಪದ ಹುಳದ ಬಗ್ಗೆ ನಿನಗೆ ಇದೆಲ್ಲ ಹೇಗೆ ಗೊತ್ತು ಎಂದು ಅವತ್ತೇ ಮೊದಲ ಸಲ ಕೇಳಿದಳು.

ಹೇಗೆ ಗೊತ್ತೆಂದರೆ, ನಾನು ದುಡಿದದ್ದೇ ದೀಪದ ಅಂಗಡಿಯಲ್ಲಿ. ಆಗ ಈ ಪಟ್ಟಣಕ್ಕೆ ನಾವೆಲ್ಲ ಗುಲ್ಬರ್ಗಾ ಅನ್ನುತ್ತಿದ್ದೆವು. ಹಳೆಯ ಬಜಾರಿನಲ್ಲಿ ಒಬ್ಬ ಮಾಲಕರು ಗ್ಯಾಸಬತ್ತಿ ಬಾಡಿಗೆಗೆ ಕೊಡುತ್ತಿದ್ದರು. ಸೀಮೆಎಣ್ಣೆ ಹಾಕಿ ಗಾಳಿ ಹೊಡೆದರೆ ಬುಸ್ಸೆಂದು ಉರಿಯುವ ದೀಪಗಳು ಅವು. ಮದುವೆ, ಭಜನೆ, ಮೊಹರಂ, ಏನಿದ್ದರೂ ಸುತ್ತಲಿನ ಹಳ್ಳಿಯವರು ನಮ್ಮಲ್ಲಿಗೇ ಬರುತ್ತಿದ್ದರು. ಅಂಗಡಿಯ ಹಿಂದಿನ ಒಂದು ಖೋಲಿಯಲ್ಲಿ ನಮ್ಮ ಸಂಸಾರ. ನಾನು, ನಮ್ಮವ್ವ, ಹೊಸದಾಗಿ ಬಂದ ಹೆಂಡತಿ. ದೀಪ ಕೊಡುವುದು, ಬರೆದಿಡುವುದು ನನ್ನ ಕೆಲಸ. ತಿರುಗಿ ಬಂದ ದೀಪ ತೊಳೆಯುವುದು ಅವಳ ಕೆಲಸ.

ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ನಾನು ಬರೆದಿಟ್ಟ ಪುಸ್ತಕ ಅವಳಿಗೆ ಉಪಯೋಗವಿಲ್ಲ. ಯಾವ ದೀಪ ಯಾವ ಊರಿಗೆ ಹೋಗಿದೆ ಎಂದು ತಿಳಿಯಲು ಅವಳೇ ಒಂದು ಹಂಚಿಕೆ ಮಾಡಿಕೊಂಡಿದ್ದಳು. ದೀಪ ಹೊರಡುವ ಮುಂಚೆ ಅದರ ಎಣ್ಣೆಯ ಬುಡ್ಡಿಯ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗುರುತು ಬರೆಯುವಳು. ಕೋಟನೂರಿಗೆ ಮೂರು ಗೆರೆ. ಕುಸನೂರಿಗೆ ಬಾವಿ, ಅಂದರೆ ಒಂದು ಸುತ್ತು, ನಡುವೆ ಒಂದು ಚುಕ್ಕಿ. ಕಮಲಾಪುರಕ್ಕೆ ಬಾಳೆಗೊನೆ. ಗೊನೆಯನ್ನು ಮಾತ್ರ ಬಹಳ ಹೊತ್ತು ಹಿಡಿದು ಬರೆಯುವಳು, ಒಂದೊಂದು ಕಾಯಿ ಬಿಡಿಬಿಡಿಯಾಗಿ. ಅವಳ ಅಪ್ಪನ ಹೊಲದಲ್ಲಿ ಕೆಂಪು ಬಾಳೆ ಇತ್ತು.

ದೀಪ ತಿರುಗಿ ಬಂದ ಬೆಳಗ್ಗೆ ಅಂಗಳದಲ್ಲಿ ಕೂತು ಗಾಜು ಬಿಚ್ಚುತ್ತಿದ್ದಳು. ಗಾಜಿನ ಕೆಳಗಿನ ತಟ್ಟೆಯಲ್ಲಿ ಹುಳ ಬಿದ್ದಿರುತ್ತಿದ್ದವು. ಎಷ್ಟೋ ಸುಟ್ಟು ಕರಕಲಾಗಿರುತ್ತಿದ್ದವು, ಕೆಲವು ಮಲಗಿದಂತೆ ಹಾಗೇ ಇರುತ್ತಿದ್ದವು. ನಾನಾದರೆ ಉಫ್ ಎಂದು ಊದಿಬಿಡುತ್ತಿದ್ದೆ. ಅವಳು ಒಂದೊಂದನ್ನೂ ಕಡ್ಡಿಯಿಂದ ಸರಿಸಿ ನೋಡುವಳು. ಬರಬರುತ್ತ ಸುಣ್ಣದ ಗುರುತು ಅಳಿಸಿ ಹೋಗಿದ್ದರೂ, ತಟ್ಟೆಯ ಹುಳ ನೋಡಿ ಇದು ಹತ್ತಿ ಹೊಲದ ಕಡೆಯಿಂದ ಬಂದದ್ದು, ಇದು ಹಳ್ಳದ ದಂಡೆಯಿಂದ ಬಂದದ್ದು ಎಂದು ಹೇಳುವ ಮಟ್ಟಕ್ಕೆ ಬಂದಳು. ನಾನು ಪುಸ್ತಕ ತೆಗೆದು ನೋಡಿದರೆ ಅವಳ ಮಾತೇ ನಿಜವಾಗಿರುತ್ತಿತ್ತು. ಮಾಲಕರು ನಕ್ಕು, ನಿನ್ನ ಪುಸ್ತಕಕ್ಕಿಂತ ಹುಳಗಳೇ ಚಲೋ ಲೆಕ್ಕ ಇಡುತ್ತವೆ ಅನ್ನುತ್ತಿದ್ದರು.

ಕಮಲಾಪುರದ ಕಡೆಯ ದೀಪದಲ್ಲಿ ಮಾತ್ರ ಈ ಕೆಮ್ಮಣ್ಣಿನ ಅಂಚಿನ ಹುಳ ಇರುತ್ತಿತ್ತು. ಮೊದಲ ಸಲ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನನಗೆ ತೋರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ನೋಡ್ರಿ, ನಮ್ಮೂರ ಮಣ್ಣು ಮೆಟ್ಟಿ ಬಂದದ. ಇಲ್ಲಿ ದಾರ ತೀರ್ಯದ. ತೀರಿದ ಮ್ಯಾಲ ಎರಡು ಚುಚ್ಚು ಹಾಕಿ ಬಿಟ್ಟಾರ."

ಗೆರೆಗೆ ಅವಳು ದಾರ ಅಂದಳು, ಚುಕ್ಕಿಗೆ ಸೂಜಿಯ ಚುಚ್ಚು ಅಂದಳು. ನಾನು ಅದನ್ನೇ ಗುರುತು ಮಾಡಿಕೊಂಡೆ. ಅಂದಿನಿಂದ ದೀಪದ ಗಾಡಿ ಬಂದಾಗಲೆಲ್ಲ ಒಳಗಿನಿಂದ ಒಂದೇ ಮಾತು ಕೇಳುವಳು: "ಬಂತೇನ್ರಿ?" ದೀಪ ಬಂತೇ ಎಂದು ಅಂಗಡಿಯಲ್ಲಿದ್ದವರು ತಿಳಿಯುತ್ತಿದ್ದರು. ಅವಳು ಕೇಳುತ್ತಿದ್ದದ್ದು ಹುಳವನ್ನು. ಸುಡದೆ ಉಳಿದದ್ದು ಸಿಕ್ಕರೆ ಕುಂಕುಮದ ತಗಡಿನ ಡಬ್ಬಿಯಲ್ಲಿ ಹತ್ತಿ ಹಾಸಿ ಇಡುತ್ತಿದ್ದಳು. ಕಮಲಾಪುರ ಏನು ಕಾಶಿಯಷ್ಟು ದೂರವೇ, ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದಿತ್ತು. ಆದರೆ ಅವಳನ್ನು ಹತ್ತಿಸಬೇಕಾದವನು ನಾನು. ಹತ್ತಿಸಲಿಲ್ಲ. ಇವತ್ತು ಅಂಗಡಿ, ನಾಳೆ ಅವ್ವನಿಗೆ ಮೈ ಸರಿಯಿಲ್ಲ, ನಾಡಿದ್ದು ಇನ್ನೇನೋ.

ಒಂದು ವರ್ಷ ನಾಗರ ಪಂಚಮಿಗೆ ಅವಳನ್ನು ಕರೆಯಲು ಅವಳ ತಮ್ಮ ಬಂದ. ನಮ್ಮ ಕಡೆ ಹೆಣ್ಣುಮಕ್ಕಳು ಪಂಚಮಿಗೆ ತವರಿನಲ್ಲೇ ಇರಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ನಮ್ಮವ್ವ ಬಿದ್ದು ಕೈ ಮುರಿದುಕೊಂಡಿದ್ದಳು. ಈ ಸಲ ಆಗುವುದಿಲ್ಲ ಎಂದು ನಾನೇ ಹೇಳಿ ಅವನನ್ನು ಬರಿಗೈಯಲ್ಲಿ ಕಳಿಸಿದೆ. ಅವಳು ಅಳಲಿಲ್ಲ. ತಮ್ಮನ ಕೈಯಲ್ಲಿ ಶೇಂಗಾದ ಉಂಡಿ ಕಟ್ಟಿಕೊಟ್ಟು ಓಣಿಯ ತುದಿಯವರೆಗೆ ಹೋಗಿ ಬಂದಳು. ಆಮೇಲೆ ಮಾತು ಕಡಿಮೆಯಾಯಿತು. ಮದುವೆಯ ಕಾಲ ಮುಗಿದಿತ್ತು, ಕಮಲಾಪುರಕ್ಕೆ ದೀಪ ಹೋಗುವುದೇ ನಿಂತಿತ್ತು. ಆದರೂ ಗಾಡಿಯ ಸಪ್ಪಳವಾದರೆ ಸಾಕು, "ಬಂತೇನ್ರಿ?"

ಆ ಶ್ರಾವಣದಲ್ಲಿ ಭಜನೆಗೆಂದು ಒಂದು ದೀಪ ಹೋಗಿದ್ದು ಕುಸನೂರಿಗೆ. ಅದು ತಿರುಗಿ ಬಂದ ಬೆಳಗ್ಗೆ ಅವಳು ನೀರಿಗೆ ಹೋಗಿದ್ದಳು. ತಟ್ಟೆ ತೆಗೆದು ನೋಡಿದೆ. ಅದೇ ಗಾತ್ರದ, ಅದೇ ಬಣ್ಣದ ಹುಳ ಒಂದು ಬಿದ್ದಿತ್ತು. ಅಂಚಿನಲ್ಲಿ ಕೆಂಪು ಇದ್ದಂತೆಯೂ ಕಂಡಿತು, ಇಲ್ಲದಂತೆಯೂ ಕಂಡಿತು. ಬುಡ್ಡಿಯ ಮೇಲಿನ ಬಾವಿಯನ್ನು ಅಂಗೈಯಿಂದ ಒರೆಸಿದೆ. ಸುಣ್ಣದ ಕಡ್ಡಿ ತೆಗೆದುಕೊಂಡು ಬಾಳೆಗೊನೆ ಬರೆದೆ. ಅದು ನನಗೇ ಮೂಲಂಗಿಯಂತೆ ಕಂಡಿತು. ಅವಳು ಕೊಡ ಇಳಿಸುತ್ತಿದ್ದಂತೆ, ಕಮಲಾಪುರದ ದೀಪ ಬಂದಿದೆ ನೋಡು ಎಂದೆ.

ಅವಳು ಬುಡ್ಡಿ ನೋಡಿದಳು, ತಟ್ಟೆ ನೋಡಿದಳು, ಹುಳವನ್ನು ಅಂಗೈಗೆ ಹಾಕಿಕೊಂಡು ಬಿಸಿಲಿಗೆ ಹಿಡಿದಳು. ಎಷ್ಟೋ ಹೊತ್ತು ಹಿಡಿದಳು. ಆಮೇಲೆ ನನ್ನ ಮುಖ ನೋಡಿ, "ಹೌದ್ರಿ, ನಮ್ಮೂರಂದೇ ಅದ," ಅಂದಳು. ಹುಳವನ್ನು ಡಬ್ಬಿಗೆ ಸೇರಿಸಿ, ಅವತ್ತು ಎರಡು ರೊಟ್ಟಿ ಹೆಚ್ಚು ಉಂಡಳು. ಅಂಥ ಜಾಣತನ ನಾನು ಜೀವಮಾನದಲ್ಲಿ ಇನ್ನೊಂದು ಮಾಡಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಆದರೆ ವಯಸ್ಸಾದಂತೆ, ಅದರಲ್ಲೂ ಅವಳು ಹೋದ ಮೇಲೆ, ಅದೇ ಜಾಣತನ ಗಂಟಲಿಗೆ ಸಿಕ್ಕ ಮುಳ್ಳಾಯಿತು. ನಂಬಿದವಳಿಗೆ ಮೋಸ ಮಾಡಿದೆನಲ್ಲ ಎಂದು.

ಮೊಮ್ಮಗಳಿಗೆ ದೀಪದ ಕಥೆ ಹೇಳಿದೆ. ಈ ಸುಳ್ಳನ್ನು ಹೇಳಲಿಲ್ಲ. ಅವಳು ಕೂಡಲೇ ಕೇಳಿದ್ದು ಡಬ್ಬಿಯನ್ನು. ಆ ಹಳೆಯ ಹುಳ ಇದ್ದರೆ ಸಾಕು, ಕಮಲಾಪುರದಲ್ಲಿ ಇದು ಐವತ್ತು ವರ್ಷದಿಂದ ಇದೆ ಎಂದು ತೋರಿಸಬಹುದು ಅಂದಳು. ಡಬ್ಬಿ ಅವಳ ಆಯಿಯ, ಅಂದರೆ ನನ್ನ ಹೆಂಡತಿಯ ಟ್ರಂಕಿನಲ್ಲಿ ಸೀರೆಗಳ ನಡುವೆ ಡಾಂಬರ ಗುಳಿಗೆಯ ವಾಸನೆಯಲ್ಲಿ ಇದೆ ಎಂದು ನನಗೆ ಗೊತ್ತು. ತೆಗೆದರೆ ನನ್ನ ಸುಳ್ಳೂ ಅದರಲ್ಲಿ ಇರುತ್ತದೆ. ಈ ಹುಡುಗಿಯ ಕಣ್ಣಿಗೆ ಅದು ಸಿಗದೆ ಇರುವುದಿಲ್ಲ. ಡಬ್ಬಿ ಆಮೇಲೆ ನೋಡೋಣ, ಮೊದಲು ಕಮಲಾಪುರಕ್ಕೇ ಹೋಗೋಣ ಎಂದೆ. ಅವಳಿಗೆ ಖುಷಿಯೋ ಖುಷಿ.

ಹೋದದ್ದು ವಾರದ ಸಂತೆಯ ದಿನ. ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ, ನನಗೆ ಮಾತ್ರ ಯಾರೋ ಎದ್ದು ಸೀಟು ಕೊಟ್ಟರು. ಊರು ಹತ್ತಿರವಾಗುತ್ತಿದ್ದಂತೆ ಕಪ್ಪು ಹೊಲ ತೀರಿ ಕೆಮ್ಮಣ್ಣು ಶುರುವಾಯಿತು. ಹೆಂಡತಿ ಇದ್ದಾಗ ಅಪರೂಪಕ್ಕೆ ಇಲ್ಲಿಗೆ ಬಂದರೆ ಕಿಟಕಿಯ ಹೊರಗೆ ಕೈ ಹಾಕಿಕೊಂಡು ಕೂಡುತ್ತಿದ್ದಳು, ಗಾಳಿ ಬ್ಯಾರೆ ಅದ ಅನ್ನುತ್ತಿದ್ದಳು. ನನಗೆ ಎಂದೂ ಹಾಗೆ ಅನಿಸಿರಲಿಲ್ಲ. ಈ ಸಲ ನಾನೂ ಕೈ ಹೊರಗೆ ಹಾಕಿದೆ. ಕಂಡಕ್ಟರ್ ಬೈದ.

ಪಂಚಮಿಗೆ ಬಂದು ಬರಿಗೈಯಲ್ಲಿ ಹೋಗಿದ್ದ ಆ ತಮ್ಮ ಈಗ ಬಿಳಿ ಮೀಸೆಯ ಮುದುಕ, ಅದೇ ಬಾಳೆ ತೋಟ ನೋಡಿಕೊಂಡಿದ್ದಾನೆ. ನಾವು ಬಂದ ಕಾರಣ ಕೇಳಿ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ.

"ಅಕ್ಕ ಇದ್ದಾಗ ಕಳಸ್ರಿ ಅಂದ್ರ ಹತ್ತು ನೆವ ಹೇಳ್ತಿದ್ರಿ, ಮಾಮಾ. ಈಗ ಹುಳ ಕರೀತು ಅಂತ ಬಂದೀರಿ."

ಮೊಮ್ಮಗಳು ಅವನ ತೋಳು ಹಿಡಿದು ತೋಟಕ್ಕೆ ಎಳೆದುಕೊಂಡು ಹೋದಳು.

ತೋಟದ ಆಚೆ ಬದುವಿನ ಮೇಲೆ, ನೆಲಕ್ಕೆ ಅಂಟಿಕೊಂಡು ಹಬ್ಬುವ ಒಂದು ಕಳೆ ಇತ್ತು. ಸಣ್ಣ ಹಳದಿ ಹೂವು. ಆಡೂ ತಿನ್ನುವುದಿಲ್ಲ, ಅದಕ್ಕೇ ಯಾರೂ ಹೆಸರಿಟ್ಟಿಲ್ಲ ಎಂದ ಅವನು. ಅದರ ಎಲೆಗಳು ಅಲ್ಲಲ್ಲಿ ಬೀಡಿಯಂತೆ ಸುತ್ತಿಕೊಂಡಿದ್ದವು. ಹುಡುಗಿ ಒಂದು ಎಲೆ ಬಿಡಿಸಿದಳು, ಒಳಗೆ ನೂಲು ಸುತ್ತಿಕೊಂಡ ಹಸಿರು ಮರಿಹುಳ. ಕಳೆಯನ್ನು ಕೋಲಿನಿಂದ ಮೆಲ್ಲಗೆ ತಟ್ಟಿದಳು. ನಾಲ್ಕು ಪತಂಗ ಎದ್ದು ಒಂದು ಗೇಣು ಹಾರಿ ಮತ್ತೆ ಕೂತವು. ದಾರ ತೀರಿತ್ತು, ಎರಡು ಚುಚ್ಚು ಇದ್ದವು. ನಾಲ್ಕರಲ್ಲೂ ಇದ್ದವು. ಆ ತಿಳಿದವರು ಅಂದಂತೆ ಉಜ್ಜಿ ಅಳಿಸಿದ್ದಾದರೆ ನಾಲ್ಕಕ್ಕೂ ಒಂದೇ ಕಡೆ ಅಳಿಸಲು ಸಾಧ್ಯವೇ? ಹುಡುಗಿ ನೆಲದ ಮೇಲೆ ಮಲಗಿಯೇ ಫೋಟೋ ತೆಗೆದಳು. ಎದ್ದಾಗ ಅವಳ ಅಂಗಿಯೆಲ್ಲ ಕೆಂಪಾಗಿತ್ತು.

ಹಾಗಾದರೆ ಇದು ನಮ್ಮ ಕುಸನೂರಿನ ಗೋಡೆಗೆ ಹೇಗೆ ಬಂತು ಎಂದು ಅವಳು ಕೇಳಿದಳು. ಅಷ್ಟು ಸಣ್ಣ ರೆಕ್ಕೆಗೆ ಅಷ್ಟು ದೂರ ಬಯಲು ದಾಟುವುದು ಆಗದ ಮಾತು. ಹೆಂಡತಿಯ ತಮ್ಮ ಕೋಲೆತ್ತಿ ಊರಾಚೆ ತೋರಿಸಿದ. ನಾನು ಮದುವೆಯಾದಾಗ ಅಲ್ಲಿ ಒಂದು ಗುಡ್ಡವಿತ್ತು. ಈಗ ಅರ್ಧ ಗುಡ್ಡ ಕಚ್ಚಿ ತಿಂದ ಹಣ್ಣಿನಂತೆ ನಿಂತಿದೆ. ಮನೆ ಕಟ್ಟುವಾಗ ಬುನಾದಿ ತುಂಬಲು ಹಾಕುವ ಕೆಂಪು ಗರಸನ್ನು, ನಾವು ಮುರುಮ್ ಅನ್ನುವುದನ್ನು, ಅಲ್ಲಿಂದಲೇ ಲಾರಿಗಟ್ಟಲೆ ಪಟ್ಟಣಕ್ಕೆ ಸಾಗಿಸುತ್ತಾರೆ.

"ನಮ್ಮ ಗುಡ್ಡಾನೇ ನಿಮ್ಮ ಕಡಿ ಹೋಗ್ಯದ," ಅಂದ. "ಹುಳ ಒಂದು ಹೋದ್ರ ಏನ್ ದೊಡ್ಡ ಮಾತು?"

ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಎರಡು ವರ್ಷದ ಹಿಂದೆ ಮುರುಮ್ ಸುರಿದು ಹಾಗೇ ಬಿಟ್ಟಿದ್ದರು. ಊರಿಗೆ ತಿರುಗಿ ಬಂದವರು ಕಾಲು ತೊಳೆಯುವ ಮೊದಲೇ ಅಲ್ಲಿಗೆ ಹೋದೆವು. ಕೆಂಪು ಗುಡ್ಡೆಯ ಮೈಮೇಲೆಲ್ಲ ಅದೇ ಕಳೆ, ಅದೇ ಹಳದಿ ಹೂವು, ಅದೇ ಬೀಡಿ ಸುತ್ತಿದ ಎಲೆ. ದಿನಾ ಬೆಳಗ್ಗೆ ನಾನು ಅದರ ಪಕ್ಕದಲ್ಲೇ ನಿಂತು ಹಲ್ಲು ತಿಕ್ಕುತ್ತೇನೆ. ಎರಡು ವರ್ಷ ತಿಕ್ಕಿದ್ದೇನೆ.

ಈಗ ಉಳಿದದ್ದು ಒಂದೇ. ಮೊದಲು ಇದು ಇಲ್ಲಿ ಇರಲಿಲ್ಲ ಎಂದು ಹೇಗೆ ಹೇಳುವುದು, ನಮಗೆ ಕಂಡಿರಲಿಲ್ಲ ಅಷ್ಟೇ ಎಂದು ಯಾರಾದರೂ ಅಂದರೆ ಏನು ಮಾಡುವುದು ಎಂದು ಹುಡುಗಿ ಉಗುರು ಕಚ್ಚುತ್ತ ಕೂತಳು. ಹಳೆಯ ಕುಸನೂರಿನ ಹುಳ ಒಂದು ಬೇಕಿತ್ತು ಅವಳಿಗೆ. ಇಡೀ ಜಗತ್ತಿನಲ್ಲಿ ಅದು ಎಲ್ಲಿದೆ ಎಂದು ಗೊತ್ತಿದ್ದವನು ನಾನೊಬ್ಬ. ನನ್ನ ಮಾನ ದೊಡ್ಡದೋ ಇವಳ ಓದು ದೊಡ್ಡದೋ ಎಂದು ಒಂದು ದಿನ ಪೂರ್ತಿ ತೂಗಿ ನೋಡಿದೆ. ಮರುದಿನ ಮಧ್ಯಾಹ್ನ ಟ್ರಂಕು ತೆಗೆದು ಡಬ್ಬಿ ಅವಳ ಮುಂದೆ ಇಟ್ಟೆ. ಇಟ್ಟು, ಸುಳ್ಳನ್ನೂ ಹೇಳಿದೆ. ಬಾವಿ ಒರೆಸಿದ್ದು, ಮೂಲಂಗಿ ಬರೆದದ್ದು, ಎಲ್ಲ. ಇದರಲ್ಲಿ ಒಂದು ಕುಸನೂರಿನದು, ಯಾವುದೆಂದು ನನಗೂ ಗೊತ್ತಿಲ್ಲ, ಆರಿಸಿಕೋ ಎಂದೆ.

ಮುಚ್ಚಳ ಬಿಗಿಯಾಗಿತ್ತು. ಚಮಚದ ತುದಿಯಿಂದ ಎಬ್ಬಿಸಿದಳು. ಎಲ್ಲಕ್ಕಿಂತ ಮೇಲೆ ಮಡಿಚಿದ ಒಂದು ಕಾಗದ, ದೀಪದ ಬತ್ತಿ ಸುತ್ತಿಕೊಂಡು ಬರುತ್ತಿದ್ದ ತೆಳು ಕಾಗದ. ಅದರ ಕೆಳಗೆ ಹತ್ತಿ, ಹತ್ತಿಯಲ್ಲಿ ಆರು ಹುಳ. ಕಾಲು ಮೀಸೆ ಉದುರಿದ್ದವು, ರೆಕ್ಕೆ ಉಳಿದಿದ್ದವು. ಹುಡುಗಿ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದಳು. ಆರರಲ್ಲೂ ದಾರ ತೀರಿತ್ತು. ಆಮೇಲೆ ಕಾಗದ ಬಿಡಿಸಿದಳು. ಒಳಗೆ ಒಂಟಿಯಾಗಿ ಏಳನೆಯದು. ಅದರ ಗೆರೆ ಈ ಅಂಚಿನಿಂದ ಆ ಅಂಚಿನವರೆಗೆ ಎಲ್ಲೂ ತುಂಡಾಗಿರಲಿಲ್ಲ. ಅಂಚಿನಲ್ಲಿ ಕೆಂಪೂ ಇರಲಿಲ್ಲ.

ಅವಳು ಕಾಗದವನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ನನ್ನ ಕೈಗೆ ಕೊಟ್ಟಳು. ಹೊರಮೈ ಮೇಲೆ ಕಾಡಿಗೆಯಿಂದ ಬರೆದಿತ್ತು: ಒಂದು ಸುತ್ತು, ನಡುವೆ ಒಂದು ಚುಕ್ಕಿ.

"ಮುತ್ಯಾ, ಆಯಿಗಿ ಗೊತ್ತಿತ್ತು."

ಕಾಗದ ಹಳೆಯ ಸೀರೆಯ ಸೆರಗಿನಷ್ಟು ಮೆತ್ತಗಾಗಿತ್ತು. ಮಡಿಕೆಗಳು ಸವೆದು ಎರಡು ಕಡೆ ತೂತು ಬಿದ್ದಿದ್ದವು. ಒಂದು ಸಲ ಮಡಿಚಿ ಇಟ್ಟ ಕಾಗದ ಹಾಗೆ ಆಗುವುದಿಲ್ಲ. ಎಷ್ಟು ಸಲ ಬಿಚ್ಚಿದಳೋ, ಎಷ್ಟು ಸಲ ಮಡಿಚಿದಳೋ. ಕೆಳಗಿನ ಹತ್ತಿ ಮಾತ್ರ ಹಾಸಿದ ಹಾಗೇ ಇತ್ತು. ತವರಿನ ಆರು ಹುಳಕ್ಕೆ ಅವಳ ಕೈ ಅಷ್ಟಾಗಿ ಹೋದಂತೆ ಕಾಣಲಿಲ್ಲ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ, ಮತ್ತೆ ಹಾಕಿಕೊಂಡೆ, ಮತ್ತೆ ತೆಗೆದೆ. ಅಷ್ಟು ವರ್ಷ ನನ್ನ ಜೊತೆ ಬಾಳಿದ ಹೆಂಗಸು ಒಂದು ದಿನವೂ, ನಗೆಚಾಟಿಕೆಗೂ, ಆ ಮೂಲಂಗಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಇಬ್ಬರೂ ಕೂಡಿ ನಗಬಹುದಿತ್ತು. ಆ ನಗು ಒಂದು ಬಾಕಿ ಉಳಿಯಿತು.

ಹುಡುಗಿಗೆ ಮಾತ್ರ ಹಬ್ಬ. ನಿನ್ನ ಸುಳ್ಳೇ ನನಗೆ ಸಾಕ್ಷಿಯಾಯಿತು ಮುತ್ಯಾ ಎಂದು ನನ್ನ ತಲೆ ಸವರಿ ಓಡಿದಳು. ಕಮಲಾಪುರದ ನಾಲ್ಕು, ಗೋಡೆಯ ಒಂದು, ಡಬ್ಬಿಯ ಏಳು, ಕಳೆಯ ಎಲೆ, ಎಲ್ಲದರ ಫೋಟೋ ಆ ತಿಳಿದವರಿಗೆ ಹೋಯಿತು. ಎರಡು ದಿನದ ಮೇಲೆ ಉತ್ತರ ಬಂತು. ನಿಮ್ಮ ಗುರುತು ಸರಿ, ನಾನೇ ತಪ್ಪಿದೆ, ಈ ಜಾತಿ ಇರುವ ಜಾಗಗಳಲ್ಲಿ ಕಮಲಾಪುರವನ್ನೂ ಕುಸನೂರನ್ನೂ ಸೇರಿಸಿಕೊಳ್ಳುತ್ತೇವೆ ಎಂದು ಬರೆದಿದ್ದರು. ಅವಳು ಅದನ್ನು ನನಗೆ ಮೂರು ಸಲ ಓದಿ ಹೇಳಿದಳು. ನಾಲ್ಕನೆಯ ಸಲ ನಾನೇ ಕೇಳಿ ಓದಿಸಿದೆ.

ಅವತ್ತು ಕುಸನೂರಿನ ಹುಳ ಹಿಡಿದು ಕಮಲಾಪುರದ್ದು ಎಂದು ಹೇಳಿದ್ದೆ. ಇವತ್ತು ಅದೇ ಕುಸನೂರಿನಲ್ಲಿ ನಿಂತು, ಗೋಡೆಯ ಹುಳ ತೋರಿಸಿ, ಇದು ಕಮಲಾಪುರದ್ದು ಎಂದು ಯಾರಿಗೆ ಬೇಕಾದರೂ ಹೇಳಬಹುದು, ಸುಳ್ಳಾಗುವುದಿಲ್ಲ. ಅವಳ ಊರು ಲಾರಿ ಹತ್ತಿ ಅವಳ ಮನೆಯ ಬಾಗಿಲಿಗೆ ಬಂದಿದೆ. ಲೆಕ್ಕ ಹಾಕಿ ನೋಡಿದೆ, ಮುರುಮ್ ಸುರಿಯುವ ಹೊತ್ತಿಗೆ ಅವಳು ಹೋಗಿ ಒಂದು ವರ್ಷವಾಗಿತ್ತು.

ಪಕ್ಕದ ಜಾಗದವರು ದಸರೆ ಆದ ಮೇಲೆ ಮನೆ ಕಟ್ಟುತ್ತಾರಂತೆ. ಅದಕ್ಕೇ ನಿನ್ನೆ ಹಳೆಯ ದೀಪದ ಬುಡ್ಡಿಯೊಂದನ್ನು ಮೇಲಿನ ಕಡೆ ಕೊಯ್ಯಿಸಿಕೊಂಡು ಬಂದು, ಕೆಮ್ಮಣ್ಣು ತುಂಬಿ, ಒಂದು ಬುಡ ಕಳೆ ಕಿತ್ತು ಅದರಲ್ಲಿ ನೆಟ್ಟಿದ್ದೇನೆ. ಎಲ್ಲರೂ ಕಿತ್ತು ಎಸೆಯುವುದನ್ನು ನಾನು ನೀರು ಹಾಕಿ ಬೆಳೆಸುತ್ತಿದ್ದೇನೆ ಎಂದು ಸೊಸೆ ನಗುತ್ತಾಳೆ. ಬುಡ್ಡಿಯ ಹೊಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಬಾಳೆಗೊನೆಯನ್ನೂ ಬರೆದಿದ್ದೇನೆ. ಬಿಡಿಬಿಡಿಯಾಗಿ ಕಾಯಿ ತೋರಲಿ ಎಂದು ಬಹಳ ಹೊತ್ತು ಹಿಡಿದು ಬರೆದೆ. ಈಗಲೂ ಮೂಲಂಗಿಯಂತೆಯೇ ಇದೆ.

ಬೆಳಗ್ಗೆ ಹುಡುಗಿ ಗೋಡೆಯ ಹತ್ತಿರದಿಂದ ಕೂಗುತ್ತಾಳೆ, ಮುತ್ಯಾ, ಇವತ್ತು ಎರಡು ಬಂದಾವ ಎಂದು. ನಾನು ಚಹಾದ ಬಟ್ಟಲು ಕೆಳಗಿಟ್ಟು, ಒಳಗಿನ ಖೋಲಿಯ ಕಡೆ ತಿರುಗಿ, ಬಂತು ನೋಡು, ಅನ್ನುತ್ತೇನೆ.